ಖಂಡಪ್ಪ ಕರೆಸಿದ ಕಿವಿ ಡಾಕ್ಟರು

ಖಂಡಪ್ಪ ಮಾಡಿದ ತಪ್ಪೆಂದರೆ ಒಂದು ಒಳ್ಳೆಯ ಕೆಲಸ.

ಆಳಂದದ ಹಿರಿಯರ ಆಸರೆ ಕೇಂದ್ರಕ್ಕೆ ಅವನು ಕಾರ್ಯದರ್ಶಿ. ಮುಂಬಯಿಯ ದಾನಿಯೊಬ್ಬರು ಪೆಟ್ಟಿಗೆ ತುಂಬ ಕಿವಿ ಮಷೀನು ಕಳಿಸಿದ್ದರು. ಯಾರ ಕಿವಿಗೆ ಯಾವುದು ಎಂದು ನೋಡಬಲ್ಲವರು ಇರಲಿಲ್ಲವಾಗಿ ಖಂಡಪ್ಪನೇ ಪ್ರಸಾದ ಹಂಚಿದಂತೆ ಹಂಚಿಬಿಟ್ಟ. ಒಂದು ಕುಕ್ಕರಿನ ಹಾಗೆ ಸೀಟಿ ಹೊಡೆಯಿತು. ಇನ್ನೊಂದು ಉಸಿರೇ ಎತ್ತಲಿಲ್ಲ. ನಿಂಬರ್ಗಾದ ಹುಲೆಪ್ಪಜ್ಜನದು ಅವನು ದಿಂಬಿಗೆ ತಲೆ ಇಟ್ಟೊಡನೆ ಕಿರುಚುತ್ತಿತ್ತು. ಓಣಿಯ ನಾಯಿಗಳೆಲ್ಲ ಅದಕ್ಕೆ ಉತ್ತರ ಕೊಡತೊಡಗಿದ ಮೇಲೆ ಮನೆಯವರು ಅದನ್ನು ದೇವರ ಮಾಡದಲ್ಲಿಟ್ಟು ಕುಂಕುಮ ಹಚ್ಚಿದರು.

ಕಸಬು ಬಲ್ಲವರನ್ನೇ ಕರೆಸಬೇಕೆಂದು ಹಠ ಹಿಡಿದು ಖಂಡಪ್ಪ ಫರಹೀನಳನ್ನು ಹುಡುಕಿದ. ಅಫಜಲಪುರದ ಹುಡುಗಿ, ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ಕಿವಿ ತಪಾಸಣೆಯ ಕೆಲಸ. ‘ರೊಕ್ಕ ಏನೂ ಬ್ಯಾಡ್ರಿ ಸರ್, ರವಿವಾರ ಸೂಟಿ ಅದ, ಬರ್ತೇನಿ’ ಎಂದು ಮೆಸೇಜು ಕಳಿಸಿದಳು. ಹೇಳಿದಂತೆ ಖಜೂರಿ ಮಾರ್ಗದ ಸೊಲ್ಲಾಪುರ ಬಸ್ಸಿಳಿದು ಬಂದೂ ಬಿಟ್ಟಳು.

ಬಂದವಳು ಮಷೀನುಗಳನ್ನು ಮುಟ್ಟಲೇ ಇಲ್ಲ. ಸಣ್ಣ ಟಾರ್ಚು ಹಿಡಿದು ಒಬ್ಬೊಬ್ಬರ ಕಿವಿಯೊಳಗೆ ಇಣುಕಿದಳು.

“ಮಷೀನ್ ಆಮ್ಯಾಲ್ರಿ. ಮೊದಲ ಕಿವಿ ಸ್ವಚ್ಛ ಆಗ್ಲಿ.”

ಹುಲೆಪ್ಪಜ್ಜನ ಕಿವಿಯಿಂದ ಹುಣಸೆ ಬೀಜದಂಥ ಗುಗ್ಗೆ ಹೊರಬಿತ್ತು. ಅಜ್ಜ ಬೆಚ್ಚಿಬಿದ್ದು ಮೇಲೆ ನೋಡಿದ.

“ಯಪ್ಪಾ! ಈ ಫ್ಯಾನು ಇಷ್ಟು ಒದರತದೇನು?”

ಎಲ್ಲರೂ ಚಪ್ಪಾಳೆ ತಟ್ಟಿದರು. ಕಿವಿ ಸ್ವಚ್ಛವಾದ ಮೇಲೆ ಮಷೀನು ಹಾಕಿದರೆ ಒಬ್ಬರಿಗೆ ಸೀಟಿ ನಿಂತಿತು, ಇನ್ನೊಬ್ಬರಿಗೆ ಮಾತು ಕೇಳಿಸಿತು. ಖಂಡಪ್ಪನ ಎದೆ ಜೋಳದ ರೊಟ್ಟಿಯಂತೆ ಉಬ್ಬಿತು.

“ನೋಡ್ರಿ, ಕೆಲಸ ಬಲ್ಲವರು ಒಬ್ಬರು ಬಂದ್ರ ಸಂಸ್ಥಾದ ನಸೀಬೇ ತೆರೀತದ!”

“ಈಗ ಅಧ್ಯಕ್ಷರು ಬರ್ಲಿ,” ಫರಹೀನ ಕೂಗಿದಳು. “ಅವರ ಕಿವೀನೂ ನೋಡೂಣು.”

ಖಂಡಪ್ಪನ ನಗು ಮುಖದ ಮೇಲೇ ಹೆಪ್ಪುಗಟ್ಟಿತು.

ಅಧ್ಯಕ್ಷೆ ಗುರುಬಾಯಿ ನಿವೃತ್ತ ಶಿಕ್ಷಕಿ. ಕೇಂದ್ರ ನಡೆಯುವುದೇ ಅವರ ಮನೆಯ ಪಡಸಾಲೆಯಲ್ಲಿ. ಕೇಂದ್ರದಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು, ಗುರುಬಾಯಿ ಮಾತ್ರ ಏನು ಕೇಳಿದರೂ ಸುಮ್ಮನೆ ತುಟಿ ಆಡಿಸುತ್ತಿದ್ದರು. ಪೂರ್ತಿ ಕಿವುಡಿ ಎಂದು ಖಂಡಪ್ಪ ಸೇರಿದ ದಿನವೇ ತೀರ್ಮಾನಿಸಿದ್ದ. ಹಾಗಾಗಿ ದಿನಾ ಬೆಳಿಗ್ಗೆ ಕೈಮುಗಿದು “ಶರಣ್ರಿ ಅವ್ವಾರ” ಎಂದವನು, ಅದೇ ನಗುಮುಖದಲ್ಲಿ, ತುಟಿಯಂಚಿನಲ್ಲಿ ಮುಂದುವರಿಸುತ್ತಿದ್ದ: “ಯಮಗ ನಿನ್ನ ಮನಿ ಸಿಗವಲ್ದೇನ್ ಬೇ ಮುದುಕಿ? ಕುರ್ಚಿ ಬಿಟ್ಟೇಳು, ನಾ ಕೂಡ್ತೇನಿ.”

ಅಂಥ ಗುರುಬಾಯಿ ಇಂದು ಸಂಜೆ ಹೊಸ ಅಧ್ಯಕ್ಷರ ಹೆಸರು ಹೇಳುವವರಿದ್ದರು. ಇಂದೇ ಅವರಿಗೆ ಕಿವಿ ಬಂದರೆ? ನಾಲಿಗೆಗೆ ರೂಢಿಯಾದದ್ದು ತಪ್ಪಿ ಹೊರಬಿದ್ದರೆ? ಕುರ್ಚಿ ಹಾಳಾಗಲಿ, ಪಡಸಾಲೆಯೇ ಹೋದೀತು.

“ಮೇಡಮ್ಮಾರ, ಅವ್ವಾರಿಗೆ ವಯಸ್ಸಾಗೇದ. ಸುಮ್ಮನ ಯಾಕ ತ್ರಾಸು?”

“ವಯಸ್ಸಾಗೇದಂತೇ ನಾ ಬಂದೇನಿ ಸರ್.”

ಖಂಡಪ್ಪ ಮೇನ್ ಸ್ವಿಚ್ ಆರಿಸಿದ. ಫ್ಯಾನು ನಿಂತಿತು. ಅವಳ ತಪಾಸಣೆ ಪೆಟ್ಟಿಗೆ ಚಾರ್ಜಿನ ಮೇಲೆ ನಡೆಯುವಂಥದು, ನಿಲ್ಲಲಿಲ್ಲ. ಬೆವರು ಒರೆಸಿಕೊಳ್ಳುತ್ತ ಅವನು ಮೇಜಿನ ಮೇಲಿದ್ದ ಹೊಸ ಸೆಲ್ಲುಗಳನ್ನೆಲ್ಲ ಮುಷ್ಟಿಯಲ್ಲಿ ಹಿಡಿದು ಅಡುಗೆಮನೆಗೆ ಓಡಿ, ಕೈಗೆ ಸಿಕ್ಕ ಡಬ್ಬಿಯಲ್ಲಿ ಹೂತುಬಿಟ್ಟ. ಸೆಲ್ಲಿಲ್ಲದ ಮಷೀನು ಮಾಡುವುದೇನು? ನೆಮ್ಮದಿಯಿಂದ ಹೊರಬಂದು ಕೂತ.

ಅದು ಸಕ್ಕರೆ ಡಬ್ಬಿಯಾಗಿತ್ತು. ಚಹಾ ಮಾಡುವ ಜಯಮಾಲಾ ಜರಡಿ ಹಿಡಿದುಕೊಂಡೇ ಹೊರಗೆ ಬಂದಳು.

“ಖಂಡಪ್ಪಾರ! ನೀವು ಡಬ್ಬಿಗೆ ಕೈ ಹಾಕಿದ್ದು ನಾ ನೋಡೀನಿ. ಚಹಾದಾಗ ಇವೇನ್ರಿ? ಗುಂಡಗುಂಡಗ ಸೆಲ್ಲು! ಮುದುಕರನ್ನ ಕೊಲ್ಲಬೇಕಂತ ಮಾಡೀರೇನು?”

ಸಭೆ ಬಾಯಿ ಬಿಟ್ಟು ಅವನನ್ನೇ ನೋಡಿತು. “ಇರಿವಿ... ಇರಿವಿ ಬರಬಾರ್ದಂತ ಹಾಕಿದ್ದೆ” ಎಂದ ಖಂಡಪ್ಪ. ಜಯಮಾಲಾ ಚಹಾವನ್ನೆಲ್ಲ ಮೋರಿಗೆ ಸುರಿದಳು. ಫರಹೀನ ಚೀಲದಿಂದ ಇನ್ನೊಂದು ಕಟ್ಟು ಸೆಲ್ಲು ತೆಗೆದಿಟ್ಟಳು.

ಗುರುಬಾಯಿ ಕುರ್ಚಿಯಲ್ಲಿ ಕೂತು ಹೆಡ್‌ಫೋನು ಹಾಕಿಕೊಂಡರು. ಸಪ್ಪಳ ಕೇಳಿದಾಗ ಕೈ ಎತ್ತಬೇಕು. ಅವರು ಎತ್ತಿದರು. ಮತ್ತೆ ಎತ್ತಿದರು. ಎತ್ತುತ್ತಲೇ ಹೋದರು. ಫರಹೀನಳ ಹುಬ್ಬು ಮೇಲೇರಿತು.

“ಅವ್ವಾರ, ಈ ವಯಸ್ಸಿನ್ಯಾಗ ಇಂಥಾ ಕಿವಿ ನಾ ನೋಡಿಲ್ರಿ! ಇರಿವಿ ನಡದ್ರೂ ಕೇಳ್ತದ ನಿಮಗ!”

ಖಂಡಪ್ಪನ ಕಾಲ ಕೆಳಗಿನ ನೆಲ ಸರಿಯಿತು. ಅಂದರೆ ಇಷ್ಟು ದಿನದ ಶರಣು? ಅದರ ಬಾಲ?

“ಸುಳ್ಳ್ರಿ ಇದು! ಅವ್ವಾರ, ಕೇಳ್ತಿತ್ತಂದ್ರ ನನಗ ಜವಾಬ ಯಾಕ ಕೊಡ್ತಿರ್ಲಿಲ್ಲ?”

ಗುರುಬಾಯಿ ಎಂದಿನಂತೆ ತುಟಿ ಆಡಿಸಿದರು.

“ನೋಡ್ರಿ, ಈಗೂ ಇಲ್ಲ!” ಎಂದು ಖಂಡಪ್ಪ ಎಲ್ಲರ ಕಡೆ ತಿರುಗಿದ.

ಫರಹೀನ ಅವನನ್ನೇ ಸ್ವಲ್ಪ ಹೊತ್ತು ನೋಡಿ, ಕುರ್ಚಿ ಎಳೆದಳು. “ಸರ್, ನೀವು ಜರಾ ಕೂಡ್ರಿ.”

ಖಂಡಪ್ಪ ಹೆಡ್‌ಫೋನು ಹಾಕಿಕೊಂಡು, ಕೈ ಎತ್ತಲು ಸಿದ್ಧನಾಗಿ ಕಾದ. ಕಾದೇ ಕಾದ. ಕೊನೆಗೆ ಬೇಸರವಾಯಿತು.

“ಶುರು ಮಾಡ್ರಲ್ಲ ಮತ್ತ!”

ಫರಹೀನ ಹೆಡ್‌ಫೋನು ತೆಗೆದು ಕಿವಿಯ ಹತ್ತಿರ ಬಾಗಿದಳು. “ಮುಗೀತ್ರಿ.”

ಮಷೀನು ಅವನ ಕಿವಿಗೇರಿತು. ಮರುಗಳಿಗೆಯೇ ಜಗತ್ತು ಒಳಗೆ ನುಗ್ಗಿತು: ಹೊರಗಿನ ಟಂಟಂ ಆಟೋ, ಕಾಗೆ, ಜಯಮಾಲಾಳ ಬಳೆ. ಇವೆಲ್ಲದರ ನಡುವೆ ಸಣ್ಣಗೆ, ಮೆತ್ತಗೆ, ಗುರುಬಾಯಿಯ ದನಿ.

“ದಿನಾ ಜವಾಬ ಕೊಟ್ಟೇನೋ ಖಂಡಪ್ಪ. ಮೊದಲಿಂದ ನನ್ನ ದನಿ ಇಷ್ಟು ಸಣ್ಣದು. ಯಮ ಬಂದ್ರ ನಿನ್ನ ಮನೀನ ತೋರಸ್ತೇನಿ ಅಂತ ಎಷ್ಟು ಸಲ ಹೇಳೀನಿ.”

“ಅವ್ವಾರ, ನಾ... ನಾ ಮನಸ್ಸಿನ್ಯಾಗ ಅಂದದ್ದು...”

“ಮನಸ್ಸಿನ್ಯಾಗ?” ಜಯಮಾಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ನೀವು ಗುಣುಗುಣು ಅಂದ್ರ ಬಸ್‌ಸ್ಟ್ಯಾಂಡ್ ತನಾ ಕೇಳ್ತದ್ರಿ!”

“ಕಿವ್ಯಾಗ ಅಷ್ಟು ಹೊಲಸಿದ್ರೂ ನನಗ ಕೇಳ್ತಿತ್ತು,” ಎಂದ ಹುಲೆಪ್ಪಜ್ಜ. “ಮತ್ತ ನಾವು ನಿಂಬರ್ಗಾದಿಂದ ದಿನಾ ಬಸ್ ಹತ್ತಿ ಬರೂದು ಯಾಕಂತ ತಿಳಿದಿ? ಅದನ್ನ ಕೇಳಾಕ!”

ಕೇಂದ್ರದ ಹಾಜರಾತಿ ನೋಡಿ ಊರೆಲ್ಲ ಹೊಗಳುತ್ತಿತ್ತು. ಖಂಡಪ್ಪ ಆ ಹೊಗಳಿಕೆಯನ್ನು ತನ್ನ ದಕ್ಷತೆಯ ಖಾತೆಗೆ ಹಾಕಿಕೊಂಡಿದ್ದ. ಈಗ ಭೂಮಿ ಬಾಯಿ ಬಿಟ್ಟರೆ ಇಳಿದುಹೋಗಲು ಅವನು ತಯಾರಿದ್ದ. ಕೈಮುಗಿದು ಬಾಗಿಲ ಕಡೆ ಹೊರಟ.

“ಎಲ್ಲಿ ಹೊಂಟಿ? ಬಾ ಇಲ್ಲಿ,” ಎಂದರು ಗುರುಬಾಯಿ. “ಸಂಜೀತನ ಯಾಕ? ಈಗ ಹೇಳ್ತೇನಿ. ಹೊಸಾ ಅಧ್ಯಕ್ಷ ನೀನ.”

ಖಂಡಪ್ಪನಿಗೆ ಮಷೀನು ಕೆಟ್ಟಿತೇನೋ ಎನಿಸಿತು.

“ಅಧ್ಯಕ್ಷಗ ಕಿವಿ ಇರಬೇಕು. ಇಷ್ಟು ದಿನ ನಿನಗ ಇರ್ಲಿಲ್ಲ, ಅದಕ್ಕ ಕೊಟ್ಟಿರ್ಲಿಲ್ಲ. ಕೂಡು.”

ಅವನ ಕಣ್ಣು ತುಂಬಿ ಬಂತು. ಕುರ್ಚಿಯಲ್ಲಿ ಕೂತ. ಗುರುಬಾಯಿ ಹಿರಿಯರ ಕಡೆ ತಿರುಗಿದರು. “ಹೂಂ, ಇವಗ ಹೇಳಿ ಹೇಳಿ ಸಾಕಾಗೇದ ಅಂತಿದ್ರಲ್ಲ? ಈಗ ಹೇಳ್ರಿ.”

“ಸಂಡಾಸಿನ ಚಿಲಕ ಮುರದು ಎಂದಾಯ್ತು?” ಎಂದ ಹುಲೆಪ್ಪಜ್ಜ. “ನನ್ನ ಪಿಂಚಣಿ ಕಾಗದ ಎಲ್ಲಿಟ್ಟಿ?” ಎಂದಿತು ಇನ್ನೊಂದು ದನಿ. “ಗೋಧಿ ಹುಗ್ಗಿಗೆ ತಂದ ಬೆಲ್ಲ ಯಾರು ತಿಂದ್ರು?” “ಬರೇ ನಕ್ಕೋತ ತಲಿ ಅಲ್ಲಾಡಸ್ತಿದ್ದೆಲ್ಲೋ!” ಎಲ್ಲರೂ ಎದ್ದರು, ಎಲ್ಲರೂ ಕುರ್ಚಿ ಸುತ್ತುವರಿದರು, ಎಲ್ಲರೂ ಒಟ್ಟಿಗೆ ಶುರು ಮಾಡಿದರು. ಈಗಷ್ಟೇ ಕಿವಿ ಬಂದವರು ಹೊಸ ಹುರುಪಿನಲ್ಲಿ ಎಲ್ಲರಿಗಿಂತ ಜೋರಾಗಿದ್ದರು.

“ಮೇಡಮ್ಮಾರ!” ಖಂಡಪ್ಪ ಗಾಬರಿಯಿಂದ ಕಿರುಚಿದ. “ಇದನ್ನ ಬಂದ್ ಮಾಡೂ ಗುಂಡಿ ಎಲ್ಲೈತ್ರಿ?”

ಫರಹೀನ ನಗುತ್ತಲೇ ಹೇಳಿದಳು, ಕೂಗಿಯೂ ಹೇಳಿದಳು. ಆ ಗದ್ದಲದಲ್ಲಿ ಅವನಿಗೆ ಅದೊಂದು ಮಾತ್ರ ಕೇಳಿಸಲಿಲ್ಲ.