ಜೋಳದ ಬಿಲ್ಲೆಯ ಹಟ

ಮಿರ್ಚಿ ಬಜಿಯ ನಾಡಿನಲ್ಲಿ ಬೇರೊಂದು ತಿನಿಸನ್ನು ಹಂಚಿನ ಮೇಲೆ ಹೊಯ್ಯಹೊರಟವನಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ಕನ್ನಡ ಎಂ.ಎ. ಮುಗಿಸಿ ರೋಣದ ಮನೆಗೆ ಮರಳಿದ ನಾನು, ಅಕ್ಕನ ನಿಶ್ಚಿತಾರ್ಥದಲ್ಲಿ ಊಟಕ್ಕೆ ಮೊದಲು ಬಜಿಯನ್ನಲ್ಲ, ಜೋಳದ ಬಿಲ್ಲೆಗಳನ್ನೇ ಕೊಡಬೇಕೆಂದು ಹಟ ಹಿಡಿದೆ. ಯೀಸ್ಟ್ ಹಾಕಿ ಉಬ್ಬಿಸಿದ ಹಿಟ್ಟಿನ, ಅಂಗೈಯೊಳಗೆ ಅಡಗುವ ಪುಟ್ಟ ದೋಸೆ. ಮೇಲೆ ತುಸು ಕೆನೆಮೊಸರು, ಅದರ ನಡುವೆ ಕೆಂಪು ಮೆಣಸಿನಕಾಯಿಯ ಖಾರದ ಚಟ್ನಿ, ರಂಜಕ. ನಿತ್ಯ ರೊಟ್ಟಿಯಾಗಿ ದುಡಿಯುವ ಜೋಳಕ್ಕೆ ಸಮಾರಂಭದಲ್ಲೂ ಒಂದು ಮಣೆ ಸಿಗಲೆಂಬುದು ನನ್ನ ಆಸೆ. ನಮ್ಮ ಅಡುಗೆಮನೆಯ ಯಜಮಾನಿಕೆ ಸೋದರತ್ತೆಯದು. ಅವರು ಒಂದೇ ಷರತ್ತು ಹಾಕಿದರು: ಒಂದು ಬಿಲ್ಲೆ ಉಳಿದು ಬಂದರೂ, ಮದುವೆಯಲ್ಲಿ ನಾನು ಒಲೆಯ ಹತ್ತಿರ ಸುಳಿಯಕೂಡದು; ಒಂದೂ ಉಳಿಯದಿದ್ದರೆ ಅಲ್ಲೂ ಬಿಲ್ಲೆಯೇ. ಒಪ್ಪಿದೆ.

ಯೀಸ್ಟ್

ಗಜೇಂದ್ರಗಡದ ಬೇಕರಿಯೊಂದರಲ್ಲಿ ಯೀಸ್ಟ್ ಕೇಳಿದೆ. ಬ್ರೆಡ್ಡಿಗೋ ಬನ್ನಿಗೋ ಎಂದು ಮಾಲೀಕರು ವಿಚಾರಿಸಿದರು. ಜೋಳಕ್ಕೆ ಎಂದೊಡನೆ ಪೊಟ್ಟಣವನ್ನು ಡಬ್ಬಿಗೆ ಮರಳಿಸಿ ಮುಚ್ಚಳ ಬಿಗಿದರು.

"ಜ್ವಾಳ ಉಬ್ಬಂಗಿಲ್ರಿ. ಅದು ನಮ್ಮ ಕಡಿ ಕಾಳು, ಯಾರ ಮಾತೂ ಕೇಳಂಗಿಲ್ಲ."

ನಾನೂ ಅದೇ ಕಡೆಯವನು, ಪೊಟ್ಟಣ ಕೊಡಿ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ಅಳೆದು, ಕೊಟ್ಟರು.

"ಅರ್ಧ ಗೋದಿ ಹಿಟ್ಟು ಬೆರಸ್ರಿ. ಇಬ್ಬರಾಗ ಒಬ್ಬರರ ಮಾತ ಕೇಳ್ಲಿ."

ಮಾದರಿ

ಹಿಟ್ಟು ಉಬ್ಬಿತು. ಮೊದಲ ಬಿಲ್ಲೆಯನ್ನು ನೆರೆಮನೆಯ ಕಾಳಿನ ವ್ಯಾಪಾರಿಗಳಿಗೆ ಒಯ್ದೆ. ಅವರು ಅದನ್ನು ಬಾಯಿಗೆ ಹಾಕಿಕೊಂಡು, ಚಲೋ ಐತಿ ಎಂದು ಮೆಚ್ಚಿ, ಮತ್ತೆ ಕೈ ಚಾಚಿ ಕುಳಿತರು. ಇಷ್ಟೇ ಎಂದೆ, ಇದು ಹೊಟ್ಟೆ ತುಂಬಿಸುವುದಲ್ಲ, ಊಟಕ್ಕೆ ಮುನ್ನ ಹಸಿವನ್ನು ಕೆರಳಿಸುವುದು ಎಂದು ವಿವರಿಸಿದೆ.

"ಹಸಿವು ಹೆಚ್ಚಾಗಾಕ ತಿನ್ನಬೇಕೇನೋ ತಮ್ಮಾ? ಊಟ ತಡಾ ಮಾಡಿದ್ರ ಸಾಕಲ್ಲ."

ನಾನು ಬಿಟ್ಟುಕೊಡಲಿಲ್ಲ. ಮಿತಿಯೇ ಈ ತಿನಿಸಿನ ಸೊಗಸು ಎಂದು ವಾದಿಸಿದೆ. ಅವರು ಶಾಂತವಾಗಿ ಕೈ ಒರೆಸಿಕೊಂಡರು.

"ನಮ್ಮ ಅಂಗಡ್ಯಾಗ ಮಾಲು ತೋರಸಾಕನೂ ಒಂದ್ ಬೊಗಸಿ ಕೊಡ್ತೀವಿ."

ಹರಿವಾಣ

ನಿಶ್ಚಿತಾರ್ಥದ ದಿನ ನರಗುಂದದಿಂದ ಬೀಗರು ಬಂದು ಅಂಗಳದ ಚಪ್ಪರದಲ್ಲಿ ಕುಳಿತರು. ಬಿಲ್ಲೆಗಳಿಗೆ ಗೌರವ ಬರಲೆಂದು ಹಿತ್ತಾಳೆಯ ಹರಿವಾಣದಲ್ಲಿ ಜೋಡಿಸಿ, ನಾನೇ ಹಿಡಿದು ನಡೆದೆ. ಬೀಗರ ಹಿರಿಯರು ಬಿಳಿಯ ಮೊಸರನ್ನೂ ಅದರ ಮೇಲಿನ ಕೆಂಪು ಬೊಟ್ಟನ್ನೂ ನೋಡಿ, ಥಟ್ಟನೆ ಎದ್ದು ಚಪ್ಪಲಿ ಕಳಚಿದರು. ಬಲಗೈ ಕೆಳಗೆ ಎಡಗೈ ಹಿಡಿದು ಒಂದು ಬಿಲ್ಲೆ ಪಡೆದು, ಹಣೆಯೆತ್ತರಕ್ಕೆ ಎತ್ತಿ, ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡರು. ಉಳಿದವರೂ ಸಾಲಾಗಿ ಹಾಗೆಯೇ ಮಾಡಿದರು. ರಂಜಕದ ಖಾರಕ್ಕೆ ಕೆಲವರ ಕಣ್ಣಲ್ಲಿ ನೀರಾಡಿತು. ನೋಡಿದವರಿಗೆ ಅದು ಭಕ್ತಿಯಾಗಿಯೇ ಕಂಡಿತು. ಹರಿವಾಣ ಬರಿದಾಯಿತು.

ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ಇಳಿಯಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದಂತೆಯೇ. ಆದರೆ ಆ ಗೆಲುವು ದೇವರದಾಗುತ್ತಿತ್ತು, ಜೋಳದ್ದಲ್ಲ. ಸಭೆಯ ನಡುವೆ ನಿಂತು, ಇದು ಪ್ರಸಾದವಲ್ಲ, ಊಟಕ್ಕೆ ಮುಂಚಿನ ತಿನಿಸು, ರುಚಿಸದವರು ಧಾರಾಳವಾಗಿ ಬೇಡವೆನ್ನಬಹುದಿತ್ತು ಎಂದು ಸಾರಿದೆ.

ಅಕ್ಕ ತಲೆ ತಗ್ಗಿಸಿದಳು. ಹಿರಿಯರು ನಿಧಾನವಾಗಿ ಚಪ್ಪಲಿ ಮೆಟ್ಟಿಕೊಂಡು ಕುಳಿತರು.

"ಮೊದಲಽ ಹೇಳಬೇಕಿಲ್ಲೇನೋ ತಮ್ಮಾ? ಪ್ರಸಾದ ಅಂತ ಒಂದಕ್ಕ ಸುಮ್ಮನಾಗಿದ್ವಿ. ತಿನಸು ಅಂದ ಮ್ಯಾಲ ತಾಟ ತುಂಬ ತಾ."

ಒಳಗೆ ಓಡಿದೆ. ಪಾತ್ರೆಯ ತಳದಲ್ಲೂ ಹಿಟ್ಟು ಉಳಿದಿರಲಿಲ್ಲ. ಷರತ್ತು ಗೆದ್ದದ್ದು ನಾನು, ಮದುವೆಯಲ್ಲೂ ಬಿಲ್ಲೆಯೇ ಎಂದು ಅತ್ತೆಗೆ ಖಡಾಖಂಡಿತವಾಗಿ ಹೇಳಿದೆ. ಅವರು ಇಲ್ಲವೆನ್ನಲಿಲ್ಲ. ಮೂಲೆಯಲ್ಲಿ ಮುಚ್ಚಿಟ್ಟಿದ್ದ ಕಡಲೆಹಿಟ್ಟಿನ ಬೋಗುಣಿಯನ್ನು ಹೊರಗೆಳೆದು, ಒಲೆಯ ಮೇಲೆ ಎಣ್ಣೆ ಇಟ್ಟರು.

"ಹಸಿವು ಕೆರಳಸ್ತೀನಿ ಅಂದಿ, ಕೆರಳಿಸಿದಿ. ಈಗ ಅತ್ತಾಗ ಸರಿ, ಮಿರ್ಚಿ ಕರೀತೀನಿ."