ಬೆನ್ನಿನ ಜಿಪ್ಪು

ಎಲ್ಲಕ್ಕೂ ಕಾರಣ ಗೇಣುದ್ದದ ಒಂದು ಜಿಪ್ಪು.

ಟೈಲರಮ್ಮ ತನಗೂ ಅತ್ತಿಗೆಗೂ ಹೊಲಿದ ಗೌನುಗಳಿಗೆಲ್ಲ ಬೆನ್ನಿಗೇ ಜಿಪ್ಪು. ಅವಳದನ್ನು ಅತ್ತಿಗೆ ಎಳೆಯುವುದು, ಅತ್ತಿಗೆಯದನ್ನು ಅವಳು ಎಳೆಯುವುದು, ಹನ್ನೆರಡು ವರ್ಷಗಳ ರೂಢಿ. ನಿನ್ನೆ ಅತ್ತಿಗೆಯ ಜೊತೆ ಜಗಳವಾಡಿ, ಅಣ್ಣನ ಮನೆ ಬಿಟ್ಟು ಈ ಬಾಡಿಗೆ ಕೋಣೆಗೆ ಹೊರಟಾಗ ಅದು ನೆನಪಿಗೇ ಬರಲಿಲ್ಲ.

"ನನಗೆ ಯಾರ ಕೈಯೂ ಬೇಡ," ಅಂದಿದ್ದಳು.

"ನನಗೇನು ನಿನ್ನ ಕೈ ಬೇಕಾ? ಪಂತ ಕಟ್ಟು. ಯಾರಿಗೆ ಮೊದಲು ಬೇಕಾಗುತ್ತೋ ಅವರೇ ಬಾಯಿಮುಚ್ಚಿಕೊಂಡು ಇನ್ನೊಬ್ಬರ ಮನೆಗೆ ಬಂದು ಇರಬೇಕು," ಅಂದಿದ್ದರು ಅತ್ತಿಗೆ.

ಬೆಳಿಗ್ಗೆ ಜಿಪ್ಪು ಅರ್ಧಕ್ಕೇ ನಿಂತಿತು. ಒಂದು ಕೈ ಮೇಲಿನಿಂದ ಇಳಿಸಿದಳು, ಇನ್ನೊಂದನ್ನು ಕೆಳಗಿನಿಂದ ಏರಿಸಿದಳು. ಮಾತು ಬಿಟ್ಟ ಓರಗಿತ್ತಿಯರಂತೆ ಎರಡೂ ಸಂಧಿಸಲೇ ಇಲ್ಲ.

ಬಿಡುವವಳೇ? ಗೌನು ಕಳಚಿ ಜಿಪ್ಪಿನ ಹಿಡಿಗೆ ದಪ್ಪ ದಾರ ಕಟ್ಟಿ, ಮತ್ತೆ ತೊಟ್ಟು, ಇನ್ನೊಂದು ತುದಿಯನ್ನು ಕಿಟಕಿಯ ಮೇಲಿನ ಸರಳಿಗೆ ಬಿಗಿದು, ಮೆಲ್ಲಗೆ ಮಂಡಿ ಬಗ್ಗಿಸಿದಳು. ಜಿಪ್ಪು ಲಿಫ್ಟಿನ ಹಾಗೆ ಸರ್ರನೆ ಮೇಲೇರಿತು. ಆದರೆ ಸರಳಿನ ಗಂಟು ಬಿಗಿದು ಬಿಚ್ಚಲಾಗದು, ಬೆನ್ನಿನ ಗಂಟಿಗೆ ಕೈ ಎಟುಕದು. ಕತ್ತರಿ ಆಚೆ ಮೇಜಿನ ಮೇಲೆ.

ಅಷ್ಟರಲ್ಲಿ ಮಹಡಿಯ ಪಡಸಾಲೆ ಕಡೆಗಿದ್ದ ಆ ಕಿಟಕಿಯಲ್ಲಿ, ಊರ ಸುದ್ದಿಯೆಲ್ಲ ಹಬ್ಬಿಸುವ ಪಕ್ಕದ ಮನೆಯ 'ವರದಿ ಆಂಟಿ'ಯ ಮುಖ ಮೂಡಿತು.

"ಅಯ್ಯಯ್ಯೋ! ಕಳ್ಳರು ಟೈಲರಮ್ಮನ್ನ ಕಿಟಕಿಗೆ ಕಟ್ಟಿಹಾಕಿ ಹೋಗಿದ್ದಾರೆ! ಬನ್ರೋ!"

ಕಿಟಕಿಯ ತುಂಬ ಮುಖಗಳು.

"ಬಿಚ್ಚಲೇನಮ್ಮಾ?"

"ಬೇಡ! ಯಾರೂ ಮುಟ್ಟಬೇಡಿ. ಇದು... ವ್ಯಾಯಾಮ."

ಹಲ್ಲು ಕಚ್ಚಿ ಮುಂದಕ್ಕೆ ಜಗ್ಗಿದಳು. ಟಪ್! ದಾರದ ಜೊತೆ ಜಿಪ್ಪಿನ ಹಿಡಿಯೂ ಕಿತ್ತುಬಂತು.

ದಿನವಿಡೀ ಅಂಗಡಿಯಲ್ಲಿ ತಲೆಯೆತ್ತಿಕೊಂಡೇ ಮಿಷನ್ ತುಳಿದಳು. ಸಂಜೆ ನೋಡಿದರೆ ಹಿಡಿಯಿಲ್ಲದ ಜಿಪ್ಪು ಕೆಳಗಿಳಿಯಲು ಒಪ್ಪಲಿಲ್ಲ. ಕತ್ತರಿಸೋಣವೆಂದರೆ ಇದ್ದುದರಲ್ಲಿ ಒಳ್ಳೆಯ ಗೌನು. ಸರಿ, ಇದರಲ್ಲೇ ಮಲಗುತ್ತೇನೆ, ಇದರಲ್ಲೇ ಮುದುಕಿಯಾಗುತ್ತೇನೆ, ಕೇಳಲು ಮಾತ್ರ ಹೋಗುವುದಿಲ್ಲ ಎಂದು ನಿರ್ಧರಿಸಿದಳು.

ಬಾಗಿಲು ಬಡಿದ ಸದ್ದಾಯಿತು. ತೆರೆದರೆ, ಆ ಸೆಕೆಯಲ್ಲೂ ಶಾಲು ಹೊದ್ದ ಅತ್ತಿಗೆ!

ಒಳಬಂದು ತಿರುಗಿ ಶಾಲು ಜಾರಿಸಿದರು. ಗೌನಿನ ಬೆನ್ನು ಅರ್ಧ ತೆರೆದೇ ಇತ್ತು.

"ಬೆಳಗಿನಿಂದ ಹೀಗೇ ಇದ್ದೀನಿ ಕಣೇ. ನಿಮ್ಮಣ್ಣನಿಗೆ ಹೇಳಿದರೆ ಜಿಪ್ಪನ್ನ ಬಟ್ಟೆಗೆ ಸಿಕ್ಕಿಸಿಟ್ಟರು. ಎಳಿ."

ಟೈಲರಮ್ಮನ ಎದೆ ಉಬ್ಬಿತು. "ಅಂದರೆ, ನನ್ನ ಕೈ ಬೇಕಾಯ್ತು! ಪಂತದಲ್ಲಿ ಸೋತಿರಿ ಅತ್ತಿಗೆ!"

"ಸೋತೆ. ಅದಕ್ಕೇ ಬಾಯಿಮುಚ್ಚಿಕೊಂಡು ಇನ್ನೊಬ್ಬರ ಮನೆಗೆ ಇರೋಕೆ ಬಂದೆ," ಎಂದು ಅತ್ತಿಗೆ ಮೆಟ್ಟಿಲ ಕಡೆ ಕೂಗಿದರು. "ಏನೂಂದ್ರೇ, ಹಾಸಿಗೆ ತನ್ನಿ ಮೇಲೆ! ಟ್ರಂಕು ಆಮೇಲೆ!"

ಕೆಳಗಿನಿಂದ ಅಣ್ಣನ ಏದುಸಿರು ಒಂದೊಂದೇ ಮೆಟ್ಟಿಲು ಹತ್ತತೊಡಗಿತು.

ಟೈಲರಮ್ಮ ತನ್ನ ಒಂಟಿ ಕೋಣೆಯನ್ನೊಮ್ಮೆ ನೋಡಿದಳು. ಆಮೇಲೆ ನಿಧಾನವಾಗಿ ಬೆನ್ನು ತಿರುಗಿಸಿದಳು.

"ಬಂದಿದ್ದಂತೂ ಬಂದಿರಿ. ಮೊದಲು ಇದನ್ನ ಬಿಚ್ಚಿ."