ಮಬ್ಬು ಫೋಟೋದ ಮಹಿಮೆ

ಯಾವ ದೇಶ ಸುತ್ತಿ ಬಂದರೂ ಅಷ್ಟೇ. ವಿಮಾನದ ನಿದ್ದೆ ಇಳಿಯುವ ಮೊದಲೇ ಪೀಣ್ಯದಲ್ಲಿ ಯಾರಾದರೂ ನನ್ನ ಮೂಗಿನಡಿ ಒಂದು ಮಬ್ಬು ಫೋಟೋ ಹಿಡಿದಿರುತ್ತಾರೆ. ಸಣ್ಣ ಕಾರ್ಖಾನೆಗಳ ಪರವಾಗಿ ಹೊರದೇಶದ ಗಿರಾಕಿಗಳಿಗೆ ವರದಿ ಬರೆಯುವುದು ನನ್ನ ಹೊಟ್ಟೆಪಾಡು. ಒಂದು ಲೇತ್ ಶೆಡ್ಡಿಗೆ ಜರ್ಮನಿಯ ಗಿರಾಕಿ ಖಡಾಖಂಡಿತವಾಗಿ ಬರೆದಿದ್ದ: "ಫೋಟೋ ಸ್ಪಷ್ಟವಾಗಿರಲಿ. ಇಲ್ಲದಿದ್ದರೆ ಆರ್ಡರ್ ಬೇರೆಯವರಿಗೆ." ಶೆಡ್ಡಿಗೆ ಇದ್ದದ್ದೇ ಆ ಒಂದು ಆರ್ಡರ್. ಮಾಲೀಕರು ಹೊಸ ಸ್ಮಾರ್ಟ್‌ಫೋನ್ ತಂದು ಗದಗದ ಕಡೆಯ ಫೋರ್‌ಮನ್ ಕೈಗಿತ್ತರು. "ಮೇಡಂ, ಇವನಿಗೆ ಕಲಿಸಿಬಿಡಿ, ಇಲ್ಲಾಂದ್ರೆ ಬಾಗಿಲು ಹಾಕ್ಬೇಕಾಗುತ್ತೆ."

ಒರೆಸುವುದು

"ಮೊದಲು ಲೆನ್ಸ್ ಒರೆಸಬೇಕಪ್ಪಾ" ಎಂದೆ. ಒರೆಸಿದ. ಫೋಟೋದಲ್ಲಿ ಲೇತ್ ಮಂಜಿನೊಳಗೆ ತೇಲುತ್ತಿತ್ತು. ಒರೆಸಿದ್ದು ಮೆಷಿನ್ ಎಣ್ಣೆಯ ಬಟ್ಟೆಯಲ್ಲಿ!

"ಬ್ಯಾರೆ ಬಟ್ಟಿ ಅಂದ್ರ ಮೈಮ್ಯಾಲಿಂದ ಒಂದ ಐತ್ರಿ ಮೇಡಂ."

ಇಸ್ತಾಂಬುಲ್‌ನಲ್ಲಿ ಚೌಕಾಸಿ ಮಾಡಿ ತಂದಿದ್ದ ನನ್ನ ಸ್ಕಾರ್ಫು ಅಂದೇ ತೀರಿಕೊಂಡಿತು.

ಅಳತೆ

ಒಂದು ಬಿಡಿಭಾಗದಲ್ಲಿ ಅಕ್ಕಿಕಾಳಿನಷ್ಟು ಬಿರುಕು. "ಗಾತ್ರ ತಿಳಿಯಲಿ, ಪಕ್ಕದಲ್ಲಿ ಏನಾದರೂ ಇಟ್ಟು ತೆಗಿ" ಎಂದು ಫೋನಿನಲ್ಲಿ ಹೇಳಿದೆ. ಬಂದ ಫೋಟೋದಲ್ಲಿ ಬಿರುಕೇ ಇಲ್ಲ. ಬಿಡಿಭಾಗದ ಪಕ್ಕ ತಲೆ ಬಾಚಿಕೊಂಡು ಫೋರ್‌ಮನ್ನೇ ನೆಟ್ಟಗೆ ನಿಂತಿದ್ದ.

"ನೀವ ಅಂದ್ರಲ್ರೀ. ನಾ ಐದು ಫೂಟ್ ಆರು ಇಂಚ್ ಅದೀನ್ರಿ."

ಬೆಳಕು

"ಬಾಗಿಲ ಬೆಳಕಲ್ಲಿ ತೆಗಿ" ಎಂದೆ. ಆಯುಧಪೂಜೆಯ ಮರುದಿನ ತೆಗೆದ. ಅದ್ಭುತವಾಗಿ ಬಂತು. ಜರ್ಮನಿಯಿಂದ ಗಾಬರಿಯ ಮೇಲ್: "ಹೊಸ್ತಿಲ ಮೇಲಿನ ರಕ್ತ ಯಾರದು? ಗಾಯಾಳು ಹೇಗಿದ್ದಾನೆ?"

ಅದು ಕುಂಕುಮ, ಗಾಯಾಳು ಬೂದುಗುಂಬಳಕಾಯಿ ಎಂದು ವಿವರಿಸಲು ನನಗೆ ಮೂರು ಪ್ಯಾರಾ ಬೇಕಾಯಿತು.

ಮೊದಲು, ಆಮೇಲೆ

ಕೊನೆಯ ಷರತ್ತು: ಎಣ್ಣೆ ಸೋರುವ ನೆಲ ಸ್ವಚ್ಛ ಮಾಡಿ, ಮೊದಲಿನದೊಂದು, ಆಮೇಲಿನದೊಂದು ಫೋಟೋ ಕಳಿಸಬೇಕು. ನಾನು ಹೋಗುವಷ್ಟರಲ್ಲಿ ನೆಲ ಫಳಫಳ, ಅದರ ಫೋಟೋವೂ ತಯಾರು.

"ಮೊದಲಿನದು ಎಲ್ಲಿ?"

"ನೀವು ಬರ್ತೀರಂತ ಮುಂಜಾನೇನ ತೊಳದಬಿಟ್ವಿರಿ!"

ಇದ್ದದ್ದನ್ನು ಇದ್ದ ಹಾಗೆ ಬರೆಯೋಣ ಎಂದು ಹೇಳಿ ಟೀ ಕುಡಿಯಲು ಹೋದೆ. ಬಂದು ನೋಡಿದರೆ ನೆಲದ ತುಂಬ ಎಣ್ಣೆ, ಕಬ್ಬಿಣದ ಚೂರು. ಗುಡಿಸುವಾಕೆ ಪೊರಕೆ ಬಿಸಾಡಿ ಕೂತಿದ್ದಳು: "ಇನ್ನೊಂದ್ ಸಲ ತೊಳ್ಯಾಕಿಲ್ಲ ಕಣಕ್ಕಾ, ನಂಗೇನ್ ಉಚ್ಚಾ?"

ಫೋರ್‌ಮನ್ ಹೊಸದಾಗಿ 'ಮೊದಲಿನ' ಫೋಟೋ ತೆಗೆದು, ಎರಡನ್ನೂ ಆಗಲೇ ಕಳಿಸಿಬಿಟ್ಟಿದ್ದ. ನೋಡಿದೆ. ಒರೆಸಿದ ಲೆನ್ಸು, ಬಾಗಿಲ ಬೆಳಕು, ಒಂದಿಷ್ಟೂ ಅಲುಗದ ಕೈ. ನನ್ನ ಪಾಠವೆಲ್ಲ ಫಲಿಸಿತ್ತು.

ಸಂಜೆ ಉತ್ತರ ಬಂತು: "ಸುಂದರ ಫೋಟೋಗಳು. ಆದರೆ ಗೋಡೆ ಗಡಿಯಾರದಲ್ಲಿ ಆಮೇಲಿನ ಫೋಟೋಗೆ ಹತ್ತೂವರೆ, ಮೊದಲಿನದಕ್ಕೆ ಹನ್ನೆರಡು. ಹೇಗೆ?"

ಮಾಲೀಕರು ಬೆವರು ಒರೆಸಿಕೊಂಡರು. ನಾನು ಬಾಯಿ ತೆಗೆಯುವ ಮೊದಲೇ ಅವರೇ ಟೈಪಿಸಿದರು: "ಗಡಿಯಾರ ಕೆಟ್ಟಿದೆ."

ಮರುದಿನ ಆರ್ಡರ್ ಬಂತು, ಒಂದು ಸಾಲಿನ ಬಾಲದೊಂದಿಗೆ: "ಗಡಿಯಾರ ರಿಪೇರಿ ಮಾಡಿಸಿ, ಮೊದಲಿನದೊಂದು, ಆಮೇಲಿನದೊಂದು ಫೋಟೋ ಕಳಿಸಿ."

ಫೋರ್‌ಮನ್ ಫೋನನ್ನು ನನ್ನ ಮುಂದೆ ಮೆಲ್ಲಗೆ ಇಟ್ಟು, ಎಣ್ಣೆ ಬಟ್ಟೆ ಕೈಗೆತ್ತಿಕೊಂಡ.

"ಮೇಡಂ, ಈ ಸಲ ನಾ ಕಲಿಯೂ ಮುಂಚಿನಂಗ ತೆಗೀಲೇನ್ರಿ?"